ಪ್ರಶ್ನೆಗೆ ಕೊಕ್ಕೆ ಬಂದ ಕಥೆ

ಕ್ರಿ.ಶ. 396ರ ಸುಮಾರಿಗೆ ಉತ್ತರ ಆಫ್ರಿಕದ ಕಡಲತಡಿಯ ಹಿಪ್ಪೋ ಪಟ್ಟಣದ ಬಿಷಪ್ ಅಗಸ್ಟೀನ್, ಧರ್ಮಗ್ರಂಥವನ್ನು ಓದಿ ಅರ್ಥ ಹೇಳುವವರಿಗಾಗಿ ಒಂದು ಕೈಪಿಡಿ ಬರೆಯತೊಡಗಿದ. ಇಂದು ಆಲ್ಜೀರಿಯದಲ್ಲಿ ಅನ್ನಾಬಾ ಎಂದು ಕರೆಯುವ ಊರು ಅದು. ಆ ಕೈಪಿಡಿಯ ಮೂರನೆಯ ಭಾಗದಲ್ಲಿ ಒಂದು ಚಿಕ್ಕ ತೊಡಕಿನ ಮಾತು ಬರುತ್ತದೆ. ರೋಮಿನವರಿಗೆ ಬರೆದ ಪತ್ರದಲ್ಲಿ ಪೌಲನು, ದೇವರು ಆರಿಸಿಕೊಂಡವರ ಮೇಲೆ ತಪ್ಪು ಹೊರಿಸುವವರು ಯಾರು ಎಂದು ಕೇಳುತ್ತಾನೆ. ಅದರ ಬೆನ್ನಿಗೇ, ಜನರನ್ನು ನೀತಿವಂತರನ್ನಾಗಿ ಮಾಡುವ ದೇವರ ಹೆಸರು ಬರುತ್ತದೆ. ಈ ಎರಡನೆಯ ಮಾತನ್ನು ಹೇಗೆ ಓದಬೇಕು? ದನಿಯನ್ನು ಇಳಿಸಿ ಓದಿದರೆ ಅದು ಮೊದಲ ಪ್ರಶ್ನೆಗೆ ಉತ್ತರವಾಗಿಬಿಡುತ್ತದೆ. ಕಾಪಾಡಬೇಕಾದ ದೇವರೇ ಆಪಾದನೆ ಮಾಡುವವನಾಗುತ್ತಾನೆ. ದನಿಯನ್ನು ಏರಿಸಿ ಓದಿದರೆ ಅದು ಇನ್ನೊಂದು ಪ್ರಶ್ನೆ. ಕೇಳುವವರ ಮನಸ್ಸು ತಾನಾಗಿಯೇ ‘ಇಲ್ಲ, ಖಂಡಿತ ಅಲ್ಲ’ ಎಂದು ಉತ್ತರ ಕೊಟ್ಟುಕೊಳ್ಳುತ್ತದೆ. ಏರಿಸಿಯೇ ಓದಬೇಕು ಎಂದು ಅಗಸ್ಟೀನ್ ತೀರ್ಪು ಕೊಟ್ಟ.

ಗಮನಿಸಬೇಕಾದದ್ದೇನೆಂದರೆ, ಎರಡೂ ಓದುಗಳಲ್ಲಿ ಅಕ್ಷರಗಳು ಅವೇ. ಹಾಳೆಯ ಮೇಲೆ ಒಂದು ಚುಕ್ಕೆಯ ವ್ಯತ್ಯಾಸವೂ ಇಲ್ಲ. ಆ ಕಾಲದ ಲ್ಯಾಟಿನ್ ಬರವಣಿಗೆಯಲ್ಲಿ ಪದಗಳ ನಡುವೆ ಜಾಗ ಬಿಡುವ ವಾಡಿಕೆಯೇ ಇರಲಿಲ್ಲ. ನಮ್ಮ ತಾಳೆಗರಿಗಳಲ್ಲಿರುವಂತೆ ಅಕ್ಷರಗಳು ಸಾಲಾಗಿ ಒಂದಕ್ಕೊಂದು ತಾಗಿ ನಡೆಯುತ್ತಿದ್ದವು. ಎಲ್ಲಿ ನಿಲ್ಲಬೇಕು, ಎಲ್ಲಿ ಏರಬೇಕು ಎಂಬುದು ಓದುವವನ ವಿವೇಕಕ್ಕೆ ಬಿಟ್ಟದ್ದು. ಓದುವವನು ಎಡವಿದರೆ ಕೇಳುವ ಸಭೆಯೆಲ್ಲ ಎಡವಿದಂತೆ. ಇಂದು ಶಾಲೆಯ ಮಕ್ಕಳು ವಾಕ್ಯದ ಕೊನೆಯಲ್ಲಿ ಹಾಕಲು ಮರೆತು ಅರ್ಧ ಅಂಕ ಕಳೆದುಕೊಳ್ಳುವ ಆ ಕೊಕ್ಕೆ ಹುಟ್ಟಿದ್ದು ಇಂಥ ಇಕ್ಕಟ್ಟಿನಿಂದ. ಅದು ವ್ಯಾಕರಣದ ಶಿಶುವಲ್ಲ, ದನಿಯ ಶಿಶು.

ಹಾಗೆಂದು ಲ್ಯಾಟಿನ್ ಭಾಷೆಗೆ ಪ್ರಶ್ನೆ ಕೇಳಲು ಬರುತ್ತಿರಲಿಲ್ಲ ಎಂದಲ್ಲ. ಅದಕ್ಕೆ ಮೂರು ಸಾಧನಗಳಿದ್ದವು. ಸಾಮಾನ್ಯವಾಗಿ ವಾಕ್ಯದ ಮೊದಲ ಪದದ ಬಾಲಕ್ಕೆ ‘ನೆ’ ಎಂಬ ಪ್ರತ್ಯಯ ಅಂಟಿಸಿದರೆ ಅದು ಪ್ರಶ್ನೆ. ‘ಹೌದು’ ಎಂಬ ಉತ್ತರ ನಿರೀಕ್ಷಿಸಿ ಕೇಳುವುದಾದರೆ ‘ನಾನ್ನೆ’. ‘ಇಲ್ಲ’ ಎಂಬ ಉತ್ತರವನ್ನೇ ಬಯಸಿ ಕೇಳುವುದಾದರೆ ‘ನುಮ್’. ಒಂದು ಪದದಲ್ಲಿ ಕೇಳುವವನ ಮನಸ್ಸೇ ಬಯಲು! ತೊಂದರೆ ಬರುತ್ತಿದ್ದುದು ಈ ಯಾವ ಗುರುತೂ ಇಲ್ಲದೆ ಬರೀ ದನಿಯಿಂದ ಕೇಳಿದ ಪ್ರಶ್ನೆಗಳಲ್ಲಿ. ಪೌಲನ ಮಾತು ಅಂಥದು. ಅಗಸ್ಟೀನ್ ಅಲ್ಲಿಯೇ ಪ್ರಶ್ನೆಗಳನ್ನು ಎರಡಾಗಿ ವಿಂಗಡಿಸುತ್ತಾನೆ: ಹಲವು ಬಗೆಯ ಉತ್ತರಕ್ಕೆ ಆಸ್ಪದವಿರುವುದು ‘ಪರ್ಕೊಂಟಾಟಿಯೊ’, ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರಿಸಬಹುದಾದದ್ದು ‘ಇಂಟರೊಗಾಟಿಯೊ’. ಕನ್ನಡದಲ್ಲಿ ಹೇಳುವುದಾದರೆ ‘ಯಾರು ಬಂದರು’ ಎಂಬುದು ಮೊದಲನೆಯದು, ‘ರಾಮ ಬಂದನೇ’ ಎಂಬುದು ಎರಡನೆಯದು. ಈ ಹೆಸರುಗಳು ಸಾವಿರದ ಇನ್ನೂರು ವರ್ಷಗಳ ಮೇಲೆ ಲಂಡನ್ನಿನ ಒಂದು ಅಚ್ಚುಕೂಟದಲ್ಲಿ ಮತ್ತೆ ತಲೆಯೆತ್ತಲಿದ್ದವು.

ಗುರುತಿನ ಅಗತ್ಯವನ್ನು ಮೊದಲು ಕಂಡುಕೊಂಡವರು ಬಹುಶಃ ಸಿರಿಯಾಕ್ ಭಾಷೆಯ ಲಿಪಿಕಾರರು. ಪಶ್ಚಿಮ ಏಷ್ಯದ ಕ್ರೈಸ್ತರ ಈ ಭಾಷೆಯ ಐದನೆಯ ಶತಮಾನದ ಬೈಬಲ್ ಹಸ್ತಪ್ರತಿಗಳಲ್ಲಿ ಕೆಲವು ವಾಕ್ಯಗಳ ಆರಂಭದ ಪದದ ಮೇಲೆ ಒಂದರ ಮೇಲೊಂದು ಎರಡು ಚುಕ್ಕೆಗಳಿರುತ್ತವೆ. ಇವು ಪ್ರಶ್ನೆಯ ಗುರುತುಗಳೆಂದು ಕೇಂಬ್ರಿಜ್‌ನ ವಿದ್ವಾಂಸ ಕೋಕ್ಲಿ 2011ರಲ್ಲಿ ವಾದಿಸಿದರು. ಈ ಚುಕ್ಕೆಗಳು ಯಾರು, ಏನು, ಎಲ್ಲಿ ಎಂಬ ಪದಗಳಿರುವ ಪ್ರಶ್ನೆಗಳಿಗಲ್ಲ, ಬರೀ ಹೌದು-ಇಲ್ಲದ ಪ್ರಶ್ನೆಗಳಿಗೆ ಮೀಸಲು. ಪ್ರಶ್ನಪದವೇ ಇರುವಾಗ ಮತ್ತೊಂದು ಗುರುತು ದಂಡವೆಂಬ ಮಿತವ್ಯಯ ಅವರದು.

ಶಾರ್ಲಮೇನನ ಅಲೆಗೆರೆ

ಇಂದಿನ ಕೊಕ್ಕೆಯ ನೇರ ಪೂರ್ವಜ ಕಾಣಿಸಿಕೊಂಡದ್ದು ಎಂಟನೆಯ ಶತಮಾನದ ಕೊನೆಯಲ್ಲಿ, ಫ್ರಾಂಕರ ದೊರೆ ಶಾರ್ಲಮೇನನ ಆಳ್ವಿಕೆಯಲ್ಲಿ. ಈ ದೊರೆಗೆ ಬರವಣಿಗೆ ಒಲಿಯಲಿಲ್ಲ; ಮುಪ್ಪಿನಲ್ಲಿ ಅಕ್ಷರ ತಿದ್ದಲೆಂದು ದಿಂಬಿನ ಕೆಳಗೆ ಹಲಗೆ ಇಟ್ಟುಕೊಂಡು ಮಲಗುತ್ತಿದ್ದನೆಂದು ಅವನ ಚರಿತ್ರೆ ಬರೆದ ಐನ್‌ಹಾರ್ಡ್ ಹೇಳುತ್ತಾನೆ. ತನಗೆ ಬಾರದಿದ್ದರೂ ತನ್ನ ರಾಜ್ಯದ ಪುಸ್ತಕಗಳು ತಪ್ಪಿಲ್ಲದೆ ಇರಬೇಕೆಂಬುದು ಅವನ ಹಟ. 789ರಲ್ಲಿ ಹೊರಡಿಸಿದ ಆಜ್ಞೆಯಲ್ಲಿ, ಪೂಜೆಯ ಪುಸ್ತಕಗಳನ್ನು ಚೆನ್ನಾಗಿ ತಿದ್ದಿ ನಕಲು ಮಾಡಬೇಕೆಂದು ಕಟ್ಟುಮಾಡಿದ. ಜನ ದೇವರಲ್ಲಿ ಸರಿಯಾಗಿ ಬೇಡಿಕೊಳ್ಳಬೇಕೆಂದುಕೊಂಡರೂ ತಪ್ಪು ಪುಸ್ತಕಗಳಿಂದಾಗಿ ತಪ್ಪಾಗಿ ಬೇಡಿಕೊಳ್ಳುತ್ತಾರೆ ಎಂಬುದು ಅವನ ಚಿಂತೆ.

ಈ ಕೆಲಸಕ್ಕೆ ಅವನಿಗೆ ಒದಗಿಬಂದ ಪಂಡಿತ ಇಂಗ್ಲೆಂಡಿನ ಯಾರ್ಕ್ ನಗರದ ಆಲ್ಕ್ವಿನ್. ಇಬ್ಬರೂ 781ರಲ್ಲಿ ಇಟಲಿಯ ಪಾರ್ಮದಲ್ಲಿ ಭೇಟಿಯಾದರು. ಮುಂದೆ ಆಲ್ಕ್ವಿನ್ ಆಸ್ಥಾನದ ಗುರುವಾಗಿ, 796ರಿಂದ ಟೂರ್ ನಗರದ ಮಠದ ಮುಖ್ಯಸ್ಥನಾಗಿ, 804ರಲ್ಲಿ ಅಲ್ಲೇ ತೀರಿಕೊಂಡ. ಇದೇ ವರ್ಷಗಳ ಹಸ್ತಪ್ರತಿಗಳಲ್ಲಿ ಒಂದು ಹೊಸ ಗುರುತು ಕಾಣತೊಡಗುತ್ತದೆ: ಕೆಳಗೆ ಚುಕ್ಕೆ, ಅದರ ಮೇಲೆ ಬಲಕ್ಕೆ ಏರುತ್ತ ಹೋಗುವ ಮಿಂಚಿನಂಥ ಅಲೆಗೆರೆ. ಮಠಗಳಲ್ಲಿ ಮಂತ್ರಗಳನ್ನು ರಾಗವಾಗಿ ಹೇಳುವಾಗ ದನಿಯ ಏರಿಳಿತ ತೋರಿಸಲು ಬಳಸುತ್ತಿದ್ದ ಸಂಗೀತದ ಗುರುತುಗಳಿಗೂ ಇದಕ್ಕೂ ನಂಟಿದೆಯೆಂದು ಅನೇಕ ವಿದ್ವಾಂಸರು ಭಾವಿಸಿದ್ದಾರೆ. ಅಲೆಗೆರೆ ಮೇಲಕ್ಕೆ ಹೋಗುತ್ತದೆ, ದನಿಯೂ ಮೇಲಕ್ಕೆ ಹೋಗಲಿ, ಅಷ್ಟೇ. ಆಲ್ಕ್ವಿನ್ನನೇ ಇದನ್ನು ಕಂಡುಹಿಡಿದ ಎಂದು ಬರೆಯುವವರಿದ್ದಾರೆ. ಅದಕ್ಕೆ ಗಟ್ಟಿ ಆಧಾರವಿಲ್ಲ. ಅವನ ಸುತ್ತಮುತ್ತಲಿನ ಲಿಪಿಕಾರರ ಬಳಗದಲ್ಲಿ ಇದು ಬೆಳೆಯಿತು ಎಂದರೆ ಸಾಕು.

ಈ ಚಿಹ್ನೆಯ ಹುಟ್ಟಿನ ಬಗ್ಗೆ ಇನ್ನೆರಡು ಕಥೆಗಳು ಬಹಳ ಪ್ರಚಾರದಲ್ಲಿವೆ. ಪ್ರಶ್ನೆಗೆ ಲ್ಯಾಟಿನ್ನಿನಲ್ಲಿ ‘ಕ್ವೈಸ್ಟಿಯೊ’ ಎನ್ನುತ್ತಾರೆ. ಅದರ ಮೊದಲ ಅಕ್ಷರವನ್ನು ಕೊನೆಯ ಅಕ್ಷರದ ಮೇಲೆ ಕೂರಿಸಿದಾಗ ಈ ಆಕಾರ ಬಂತು ಎಂಬುದು ಒಂದು. ಕೇಳಲು ಸೊಗಸಾಗಿದೆ, ಆದರೆ ಹಾಗೆ ಬರೆದ ಒಂದು ಹಸ್ತಪ್ರತಿಯನ್ನೂ ಯಾರೂ ತೋರಿಸಿಲ್ಲ. ಇನ್ನೊಂದು, ಈಜಿಪ್ಟಿನವರು ಕುತೂಹಲಗೊಂಡ ಬೆಕ್ಕಿನ ಬಾಲ ನೋಡಿ ಇದನ್ನು ಬರೆದರು ಎಂಬುದು. ಬೆಕ್ಕಿಗೆ ಇಷ್ಟು ಗೌರವ ಸಿಗಲಿ ಬಿಡಿ ಎಂದು ಮುಂದೆ ಹೋಗಬಹುದು.

ಅಚ್ಚುಮೊಳೆ ಬಂದ ಮೇಲೆ, ಅಂದರೆ ಹದಿನೈದನೆಯ ಶತಮಾನದ ಕೊನೆಗೆ, ವೆನಿಸ್‌ನ ಆಲ್ಡಸ್ ಮನೂಶಿಯಸ್‌ನಂಥ ಮುದ್ರಕರ ಕೈಯಲ್ಲಿ ಲೇಖನ ಚಿಹ್ನೆಗಳು ನಿಶ್ಚಿತ ರೂಪ ಪಡೆಯತೊಡಗಿದವು. ಅಡ್ಡಡ್ಡ ಹರಿದಿದ್ದ ಅಲೆ ಕ್ರಮೇಣ ನೆಟ್ಟಗೆ ನಿಂತು ಕೊಕ್ಕೆಯಾಯಿತು. ಆದರೂ ಬಹುಕಾಲ ಅದರ ಕೆಲಸ ಸಡಿಲವಾಗಿಯೇ ಇತ್ತು. 1623ರಲ್ಲಿ ಅಚ್ಚಾದ ಶೇಕ್ಸ್‌ಪಿಯರ್ ನಾಟಕಗಳ ಮೊದಲ ಸಂಪುಟದಲ್ಲಿ ಇಂದು ಆಶ್ಚರ್ಯಸೂಚಕ ಹಾಕುವ ಎಷ್ಟೋ ಕಡೆ ಪ್ರಶ್ನೆಯ ಕೊಕ್ಕೆಯೇ ಇದೆ. ದನಿ ಏರಿದ್ದು ಪ್ರಶ್ನೆಗೋ ಉದ್ಗಾರಕ್ಕೋ ಎಂದು ಮುದ್ರಕ ತಲೆಕೆಡಿಸಿಕೊಳ್ಳಲಿಲ್ಲ.

ಲಂಡನ್ನಿನ ಮುದ್ರಕ ಹೆನ್ರಿ ಡೆನಂ ಮಾತ್ರ 1580ರ ದಶಕದಲ್ಲಿ ಇನ್ನೂ ಸೂಕ್ಷ್ಮಕ್ಕೆ ಇಳಿದ. ಉತ್ತರ ಬೇಡದ ಪ್ರಶ್ನೆಗಳಿಗೆ, ಅಂದರೆ ‘ಹಣೆಬರಹ ತಪ್ಪಿಸಲು ಯಾರಿಂದ ಸಾಧ್ಯ’ ಎಂಬಂಥವಕ್ಕೆ, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದ ಒಂದು ಕೊಕ್ಕೆಯನ್ನು ಬಳಸಿದ. ಅಗಸ್ಟೀನನ ‘ಪರ್ಕೊಂಟಾಟಿಯೊ’ ಎಂಬ ಪದವೇ ಈ ಗುರುತಿನ ಹೆಸರಿಗೆ ಮೂಲ, ಅರ್ಥ ಮಾತ್ರ ಕೊಂಚ ಜರುಗಿತ್ತು. ಹದಿನೇಳನೆಯ ಶತಮಾನದಲ್ಲಿ ಅದು ಕಣ್ಮರೆಯಾಯಿತು. ವ್ಯಂಗ್ಯವನ್ನೂ ನಿಜವಾದ ಪ್ರಶ್ನೆಯನ್ನೂ ಬೇರ್ಪಡಿಸುವ ಗುರುತು ಇದ್ದಿದ್ದರೆ ಎಷ್ಟು ಜಗಳ ತಪ್ಪುತ್ತಿತ್ತೋ! 1962ರಲ್ಲಿ ನ್ಯೂಯಾರ್ಕಿನ ಜಾಹೀರಾತು ಸಂಸ್ಥೆಯೊಂದರ ಮಾರ್ಟಿನ್ ಸ್ಪೆಕ್ಟರ್ ಕೊಕ್ಕೆಯನ್ನೂ ಆಶ್ಚರ್ಯಸೂಚಕವನ್ನೂ ಒಂದರ ಮೇಲೊಂದು ಕೂರಿಸಿ ‘ಇಂಟರೋಬ್ಯಾಂಗ್’ ಎಂಬ ಹೊಸ ಚಿಹ್ನೆ ಮಾಡಿದ. ಕೆಲವು ರೆಮಿಂಗ್ಟನ್ ಟೈಪ್‌ರೈಟರುಗಳಲ್ಲೂ ಅದಕ್ಕೆ ಕೀಲಿ ಬಂತು. ಅದೂ ನಿಲ್ಲಲಿಲ್ಲ.

ಬೇರೆ ಭಾಷೆಗಳು ತಮ್ಮ ದಾರಿ ಹಿಡಿದವು. ಗ್ರೀಕರು ನಮ್ಮ ಅರ್ಧವಿರಾಮವನ್ನೇ ಪ್ರಶ್ನೆಗೆ ಬಳಸುತ್ತಾರೆ. ಅರಬ್ಬಿಯಲ್ಲಿ ಬರಹ ಬಲದಿಂದ ಎಡಕ್ಕೆ ಸಾಗುವುದರಿಂದ ಕೊಕ್ಕೆಯೂ ತಿರುಗಿ ನಿಲ್ಲುತ್ತದೆ. ಅರ್ಮೇನಿಯನ್ನರು ಪ್ರಶ್ನೆಯ ಒತ್ತು ಬೀಳುವ ಪದದ ಸ್ವರಾಕ್ಷರದ ತಲೆಯ ಮೇಲೆಯೇ ಗುರುತು ಇಡುತ್ತಾರೆ. ಸ್ಪೇನಿನವರ ಉಪಾಯ ಎಲ್ಲಕ್ಕಿಂತ ವ್ಯಾವಹಾರಿಕ. ಅವರ ಭಾಷೆಯಲ್ಲಿ ಹೇಳಿಕೆಗೂ ಪ್ರಶ್ನೆಗೂ ಪದಗಳ ಜೋಡಣೆ ಎಷ್ಟೋ ಸಲ ಒಂದೇ. ಉದ್ದನೆಯ ವಾಕ್ಯದ ಕೊನೆಗೆ ಬಂದಮೇಲೆ ಅದು ಪ್ರಶ್ನೆಯೆಂದು ಗೊತ್ತಾದರೆ ಗಟ್ಟಿಯಾಗಿ ಓದುತ್ತಿರುವವನ ಗತಿಯೇನು? ಅದಕ್ಕೆ 1754ರಲ್ಲಿ ಅಲ್ಲಿನ ರಾಜ ಅಕಾಡೆಮಿ, ಉದ್ದ ಪ್ರಶ್ನೆಗಳ ಆರಂಭದಲ್ಲೂ ತಲೆಕೆಳಗಾದ ಒಂದು ಕೊಕ್ಕೆ ಹಾಕಬೇಕೆಂದು ವಿಧಿಸಿತು. ಕಾಲಕ್ರಮದಲ್ಲಿ ಚಿಕ್ಕ ಪ್ರಶ್ನೆಗಳಿಗೂ ಅದು ಬಂತು.

ಇಂಗ್ಲಿಷಿಗೆ ಇಂಥ ಮುನ್ಸೂಚನೆ ಬೇಕಾಗಲಿಲ್ಲ. ಅಷ್ಟುಹೊತ್ತಿಗೆ ಆ ಭಾಷೆ ವಾಕ್ಯದ ಮೊದಲ ಪದದಲ್ಲೇ ‘ಇದು ಪ್ರಶ್ನೆ’ ಎಂದು ಸಾರುವ ಒಂದು ವಿಚಿತ್ರ ವ್ಯವಸ್ಥೆಯನ್ನು ಕಟ್ಟಿಕೊಂಡಿತ್ತು. ಕನ್ನಡದ ಮಕ್ಕಳನ್ನು ಇಂದಿಗೂ ಗೋಳಾಡಿಸುವ ‘ಡು, ಡಸ್, ಡಿಡ್’ ಎಂಬ ತ್ರಿಮೂರ್ತಿಗಳ ವ್ಯವಸ್ಥೆ ಅದು.

‘ಡು’ ಎಲ್ಲಿಂದ ಬಂತು?

ಹಳೆಯ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವುದು ಸುಲಭವಾಗಿತ್ತು. ಕ್ರಿಯಾಪದವನ್ನು ಕರ್ತೃವಿನ ಮುಂದಕ್ಕೆ ತಂದರೆ ಮುಗಿಯಿತು. ಅದರ ಸೋದರ ಭಾಷೆಯಾದ ಜರ್ಮನ್ ಇಂದಿಗೂ ಹಾಗೆಯೇ ಮಾಡುತ್ತದೆ. ‘ಸ್ಪ್ರೆಕೆನ್ ಜೀ ಡಾಯ್ಚ್?’ ಎಂದರೆ ಪದಕ್ಕೆ ಪದ ‘ಮಾತಾಡುತ್ತೀರಿ ನೀವು ಜರ್ಮನ್?’ ಎಂದಂತೆ. ಐನೂರು ವರ್ಷಗಳ ಹಿಂದಿನ ಇಂಗ್ಲಿಷರೂ ‘ಸ್ಪೀಕ್ ಯು ಇಂಗ್ಲಿಷ್?’, ‘ವೇರ್ ಗೋ ಯು?’ ಎಂದು ಕೇಳಿದರೆ ಯಾರೂ ನಗುತ್ತಿರಲಿಲ್ಲ. ಇಂದು ಅದೇ ಮಾತನ್ನು ನಮ್ಮ ಹುಡುಗನೊಬ್ಬ ಬರೆದರೆ ಕೆಂಪು ಶಾಯಿ ಬೀಳುತ್ತದೆ.

‘ಡು’ ಎಂಬುದಕ್ಕೆ ‘ಮಾಡು’ ಎಂಬ ಅರ್ಥ ಎಲ್ಲರಿಗೂ ಗೊತ್ತು. ಹದಿಮೂರನೆಯ ಶತಮಾನದಿಂದೀಚೆಗೆ, ಮುಖ್ಯವಾಗಿ ಇಂಗ್ಲೆಂಡಿನ ನೈರುತ್ಯ ಭಾಗದ ಬರಹಗಳಲ್ಲಿ, ಅದು ತನ್ನ ಅರ್ಥ ಕಳೆದುಕೊಂಡು ಬೇರೊಂದು ಕ್ರಿಯಾಪದದ ಮುಂದೆ ಬರಿದೇ ನಿಲ್ಲುವ ಉದಾಹರಣೆಗಳು ಸಿಗತೊಡಗುತ್ತವೆ. ಹದಿನೈದು, ಹದಿನಾರನೆಯ ಶತಮಾನಗಳಲ್ಲಿ ಇದು ಹಬ್ಬಿತು. ಸ್ವೀಡನ್ನಿನ ಆಲ್ವಾರ್ ಎಲೆಗಾರ್ಡ್ ಎಂಬ ವಿದ್ವಾಂಸ ಹಳೆಯ ಪುಸ್ತಕಗಳಿಂದ ಸಾವಿರಾರು ವಾಕ್ಯಗಳನ್ನು ಎಣಿಸಿ 1953ರಲ್ಲಿ ಪ್ರಕಟಿಸಿದ ಅಧ್ಯಯನ ಈ ಬೆಳವಣಿಗೆಯ ಪಂಚಾಂಗವೆನ್ನಬಹುದು. ಅದರ ಪ್ರಕಾರ ‘ಡು’ ಬೇಗ ಬೇರೂರಿದ್ದು ನಿಷೇಧದ ಪ್ರಶ್ನೆಗಳಲ್ಲಿ. ನಂತರ ಉಳಿದ ಪ್ರಶ್ನೆಗಳಲ್ಲಿ. ಮಜವೆಂದರೆ ಹದಿನಾರನೆಯ ಶತಮಾನದಲ್ಲಿ ಸಾಮಾನ್ಯ ಹೇಳಿಕೆಗಳಲ್ಲೂ ಅದು ನುಗ್ಗಿತ್ತು. ‘ಹೋದೆ’ ಎನ್ನಲು ‘ಐ ವೆಂಟ್’ ಬದಲು ‘ಐ ಡಿಡ್ ಗೋ’ ಎನ್ನುವುದು ಯಾವ ಒತ್ತೂ ಇಲ್ಲದ ಸಾದಾ ಮಾತಾಗಿತ್ತು. ಆ ಶತಮಾನದ ಉತ್ತರಾರ್ಧದಲ್ಲಿ ಹೇಳಿಕೆಗಳಿಂದ ಅದು ಹಿಂದೆ ಸರಿಯಿತು, ಪ್ರಶ್ನೆಗಳಲ್ಲಿ ಉಳಿಯಿತು. 1700ರ ಹೊತ್ತಿಗೆ ಪ್ರಶ್ನೆಗಳ ಮಟ್ಟಿಗೆ ಪಟ್ಟಾಭಿಷೇಕ ಬಹುಮಟ್ಟಿಗೆ ಮುಗಿದಿತ್ತು. ಶೇಕ್ಸ್‌ಪಿಯರ್ ಬದುಕಿದ್ದು ಈ ಸಂಧಿಕಾಲದಲ್ಲಿ. ಅವನ ಒಂದೇ ನಾಟಕದಲ್ಲಿ ‘ಡು’ ಇರುವ ಪ್ರಶ್ನೆಯೂ ಇಲ್ಲದ ಪ್ರಶ್ನೆಯೂ ಅಕ್ಕಪಕ್ಕ ಬರುತ್ತವೆ. ಛಂದಸ್ಸಿಗೆ ಒಂದು ಮಾತ್ರೆ ಹೆಚ್ಚು ಬೇಕಾದರೆ ಹಾಕು, ಬೇಡವಾದರೆ ಬಿಡು ಎಂಬ ಅನುಕೂಲ ಕವಿಗೆ ದೊರೆತಿತ್ತು. ‘ತಿಳಿ’, ‘ಹೇಳು’ ಎಂಬರ್ಥದ ದಿನಬಳಕೆಯ ಕ್ರಿಯಾಪದಗಳು ಹಳೆಯ ದಾರಿಯನ್ನು ಎಲ್ಲಕ್ಕಿಂತ ಕಡೆಗೆ ಬಿಟ್ಟವು. ಹೆಚ್ಚು ಸವೆದ ನಾಣ್ಯವೇ ಹೆಚ್ಚು ಕಾಲ ಚಲಾವಣೆಯಲ್ಲಿರುವಂತೆ.

ಯಾಕೆ ಹೀಗಾಯಿತು ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ನೆರೆಯ ವೆಲ್ಷ್ ಮತ್ತು ಕಾರ್ನಿಷ್ ಭಾಷೆಗಳಲ್ಲಿ ‘ಮಾಡು’ ಎಂಬ ಪದ ಸಹಾಯಕ ಕ್ರಿಯಾಪದವಾಗಿ ಬರುವುದರಿಂದ, ಆ ಜನ ಇಂಗ್ಲಿಷ್ ಕಲಿತಾಗ ತಮ್ಮ ನುಡಿಯ ವಾಸನೆಯನ್ನು ಅದಕ್ಕೆ ಹಚ್ಚಿದರು ಎಂಬ ವಾದವಿದೆ. ಅದನ್ನು ಒಪ್ಪದವರು ಬಹಳ. ಇನ್ನೊಂದು ಕಾರಣ ಹೆಚ್ಚು ಮನವರಿಕೆಯಾಗುವಂಥದು. ಹಳೆಯ ಇಂಗ್ಲಿಷಿನಲ್ಲಿ ನಾಮಪದಗಳಿಗೆ ನಮ್ಮಲ್ಲಿರುವಂತೆ ವಿಭಕ್ತಿ ಪ್ರತ್ಯಯಗಳಿದ್ದವು. ಅವು ಸವೆದುಹೋದ ಮೇಲೆ ಯಾರು ಮಾಡಿದ್ದು, ಯಾರಿಗೆ ಮಾಡಿದ್ದು ಎಂದು ತಿಳಿಯಲು ಉಳಿದ ಆಧಾರ ಪದಗಳ ಸ್ಥಾನ ಮಾತ್ರ: ಕ್ರಿಯಾಪದದ ಹಿಂದಿರುವವನು ಕರ್ತೃ, ಮುಂದಿರುವವನು ಕರ್ಮ. ಈಗ ಹಳೆಯ ಕ್ರಮದಲ್ಲಿ ‘ಸಾ ದ ಕಿಂಗ್ ದ ಬಿಷಪ್?’ ಎಂದು ಕೇಳಿದರೆ ಕ್ರಿಯಾಪದ ಮೊದಲಿಗೆ ಹೋಗಿ, ರಾಜನೂ ಬಿಷಪ್ಪನೂ ಒಬ್ಬರಿಗೊಬ್ಬರು ಒತ್ತಿಕೊಂಡು ನಿಲ್ಲುತ್ತಾರೆ. ನೋಡಿದವರಾರು, ನೋಡಿಸಿಕೊಂಡವರಾರು? ‘ಡಿಡ್ ದ ಕಿಂಗ್ ಸೀ ದ ಬಿಷಪ್?’ ಎಂದಾಗ ಮುಖ್ಯ ಕ್ರಿಯಾಪದ ಇಬ್ಬರ ನಡುವೆ ತನ್ನ ಜಾಗಕ್ಕೆ ಮರಳುತ್ತದೆ. ಪ್ರಶ್ನೆಯ ಗಂಟೆ ಬಾರಿಸುವ ಕೆಲಸವನ್ನು ಬೇರೆ ಕೆಲಸವಿಲ್ಲದ ‘ಡಿಡ್’ ವಹಿಸಿಕೊಳ್ಳುತ್ತದೆ. ಕನ್ನಡದಲ್ಲಿ ‘ರಾಜ ಬಿಷಪ್ಪನನ್ನು ನೋಡಿದನೇ’, ‘ಬಿಷಪ್ಪನನ್ನು ರಾಜ ನೋಡಿದನೇ’ ಹೇಗೆ ಹೇಳಿದರೂ ‘ಅನ್ನು’ ಇರುವ ತನಕ ಗೊಂದಲವಿಲ್ಲ. ವಿಭಕ್ತಿಯನ್ನು ಕಳೆದುಕೊಂಡ ಭಾಷೆ ‘ಡು’ವಿನ ರೂಪದಲ್ಲಿ ಅದರ ಬೆಲೆ ತೆತ್ತಿತು.

ಈ ಗೊಂದಲದ ಸಂಭವವೇ ಇಲ್ಲದ ಕಡೆ ‘ಡು’ ಬರುವುದಿಲ್ಲ ಎಂಬುದನ್ನೂ ನೋಡಬೇಕು. ‘ಕ್ಯಾನ್’, ‘ವಿಲ್’, ‘ಮಸ್ಟ್’ ಮುಂತಾದವು ಮೊದಲೇ ಸಹಾಯಕರು. ಅವೇ ಮುಂದೆ ಬಂದು ಗಂಟೆ ಬಾರಿಸುತ್ತವೆ. ‘ಯಾರು ಬಂದರು’ ಎಂಬುದಕ್ಕೆ ‘ಹೂ ಕೇಮ್?’ ಸಾಕು, ಅಲ್ಲಿ ಕರ್ತೃವೇ ಪ್ರಶ್ನಪದ, ಯಾರೂ ಸ್ಥಳ ಬದಲಿಸಿಲ್ಲ. ‘ಹ್ಯಾವ್’ ಮಾತ್ರ ಬೇಲಿಯ ಮೇಲೆ ಕುಳಿತಿದೆ. ‘ಹ್ಯಾವ್ ಯು ಎನಿ ಮನಿ?’ ಎಂಬುದು ಹಳೆಯ ಬ್ರಿಟಿಷ್ ರೂಢಿ, ‘ಡು ಯು ಹ್ಯಾವ್’ ಅಮೆರಿಕದ್ದು. ಈಗ ಲಂಡನ್ನಿನಲ್ಲೂ ಎರಡನೆಯದೇ ಹೆಚ್ಚು ಕೇಳಿಬರುತ್ತದೆ.

ಹೀಗೆ ತಾನಾಗಿ ಬೆಳೆದುದನ್ನು ನಿಯಮವಾಗಿ ಬರೆದಿಟ್ಟವರು ಹದಿನೆಂಟನೆಯ ಶತಮಾನದ ವ್ಯಾಕರಣಕಾರರು. ರಾಬರ್ಟ್ ಲೌತ್‌ನ ವ್ಯಾಕರಣ ಬಂದದ್ದು 1762ರಲ್ಲಿ. ಎಲ್ಲರಿಗಿಂತ ಹೆಚ್ಚು ಮಾರಾಟವಾದದ್ದು ಲಿಂಡ್ಲಿ ಮರ‍್ರೆಯ 1795ರ ಪುಸ್ತಕ. ಅಮೆರಿಕದಲ್ಲಿ ವಕೀಲನಾಗಿದ್ದ ಮರ‍್ರೆ ಇಂಗ್ಲೆಂಡಿಗೆ ಬಂದು ನೆಲೆಸಿದ್ದು ಯಾರ್ಕ್ ನಗರದ ಅಂಚಿನಲ್ಲಿ. ವ್ಯಾಕರಣ ಬರೆದದ್ದು ಅಲ್ಲಿನ ಒಂದು ಬಾಲಕಿಯರ ಶಾಲೆಗಾಗಿ. ಸಾವಿರ ವರ್ಷಗಳ ಅಂತರದಲ್ಲಿ ಆಲ್ಕ್ವಿನ್ನನ ಊರೇ! ಇವರ ಕೈಯಲ್ಲಿ ಕೊಕ್ಕೆಯ ಸ್ವಭಾವ ಬದಲಾಯಿತು. ಯಾರೋ ಕೇಳಿದ ಪ್ರಶ್ನೆಯನ್ನು ವರದಿ ಮಾಡುವಾಗ ಪ್ರಶ್ನಾರ್ಥಕ ಚಿಹ್ನೆ ಹಾಕಬಾರದು, ನೇರ ಪ್ರಶ್ನೆಗೆ ಹಾಕಲೇಬೇಕು ಎಂಬ ಕಟ್ಟಳೆ ಗಟ್ಟಿಯಾಯಿತು. ಈಗ ಅದು ದನಿಯ ಗುರುತಲ್ಲ, ವಾಕ್ಯದ ಜಾತಿಯ ಗುರುತು. ‘ವೇರ್’, ‘ವೈ’ ಮುಂತಾದ ಪದಗಳಿಂದ ಶುರುವಾಗುವ ಪ್ರಶ್ನೆಗಳನ್ನು ಇಂಗ್ಲಿಷರು ಸಾಮಾನ್ಯವಾಗಿ ದನಿ ಇಳಿಸಿಯೇ ಮುಗಿಸುತ್ತಾರೆ. ಆದರೂ ಅವಕ್ಕೂ ಏರುದನಿಯ ಕೊಕ್ಕೆಯೇ. ಇನ್ನು ಕಚೇರಿ ಪತ್ರಗಳಲ್ಲಿ ‘ವಿಲ್ ಯು ಪ್ಲೀಸ್’ ಎಂದು ಶುರುವಾಗುವ ವಾಕ್ಯ ಎಷ್ಟೋ ಸಲ ಪೂರ್ಣವಿರಾಮದಲ್ಲಿ ಮುಗಿಯುತ್ತದೆ. ರೂಪದಲ್ಲಿ ಪ್ರಶ್ನೆ, ಒಳಗೆ ಆಜ್ಞೆ. ಮೇಲಧಿಕಾರಿ ಕೇಳುತ್ತಿದ್ದಾನೆಯೇ ಹೇಳುತ್ತಿದ್ದಾನೆಯೇ ಎಂಬುದು ಗುಮಾಸ್ತನಿಗೆ ಕೊಕ್ಕೆಯಿಲ್ಲದೆಯೂ ತಿಳಿಯುತ್ತದೆ.

ಕನ್ನಡದ ನಾಲಿಗೆಯ ಮೇಲೆ

ಕನ್ನಡಿಗರಿಗೆ ಈ ವ್ಯವಸ್ಥೆ ಯಾಕೆ ಕಷ್ಟ ಎಂಬುದಕ್ಕೆ ದಡ್ಡತನ ಕಾರಣವಲ್ಲ. ಕನ್ನಡ ಪ್ರಶ್ನೆಗಾಗಿ ಪದಗಳನ್ನು ಜರುಗಿಸುವುದಿಲ್ಲ, ಪದಕ್ಕೆ ಬಾಲ ಹಚ್ಚುತ್ತದೆ. ಮೈಸೂರಿನ ‘ಊಟ ಆಯ್ತಾ’, ಧಾರವಾಡದ ‘ಊಟ ಆತೇನ್ರಿ’, ಗ್ರಂಥದ ‘ಊಟವಾಯಿತೇ’ ಎಲ್ಲದರಲ್ಲೂ ಪ್ರಶ್ನೆ ಇರುವುದು ಪದದ ತುದಿಯಲ್ಲಿ, ಲ್ಯಾಟಿನ್ನಿನ ‘ನೆ’ಯಂತೆ. ಆ ಬಾಲವನ್ನು ಯಾವ ಪದಕ್ಕೆ ಹಚ್ಚಿದರೆ ಸಂಶಯ ಅದರ ಮೇಲೆ ಬೀಳುತ್ತದೆ: ‘ರಾಮನಾ ನಿನ್ನೆ ಮೈಸೂರಿಗೆ ಹೋದದ್ದು’, ‘ರಾಮ ನಿನ್ನೆಯಾ ಮೈಸೂರಿಗೆ ಹೋದದ್ದು’, ‘ರಾಮ ನಿನ್ನೆ ಮೈಸೂರಿಗಾ ಹೋದದ್ದು’. ಇಂಗ್ಲಿಷಿನಲ್ಲಿ ಇಷ್ಟು ನಾಜೂಕನ್ನು ತರಲು ದನಿಯನ್ನು ಒತ್ತಬೇಕು, ಇಲ್ಲವೇ ವಾಕ್ಯವನ್ನೇ ಮುರಿದು ಕಟ್ಟಬೇಕು. ಎಲ್ಲಿ, ಯಾಕೆ, ಯಾವಾಗ ಎಂಬ ಪದಗಳನ್ನೂ ಕನ್ನಡ ವಾಕ್ಯದ ತಲೆಗೆ ಎಳೆದೊಯ್ಯುವುದಿಲ್ಲ.

ಹೀಗಾಗಿ ಮಗು ‘ವೇರ್ ಯು ಆರ್ ಗೋಯಿಂಗ್?’ ಎನ್ನುತ್ತದೆ. ಪ್ರಶ್ನಪದ ಮುಂದೆ ಬಂತಲ್ಲ, ಇನ್ನೇನು ಬೇಕು ಎಂಬುದು ಅದರ ತರ್ಕ. ತಿದ್ದಿದರೆ, ಮಾರನೆಯ ದಿನ ‘ಹಿ ಆಸ್ಕ್‌ಡ್ ಮಿ ವೇರ್ ವಾಸ್ ಐ ಗೋಯಿಂಗ್’ ಎಂದು ಬರೆದು ತರುತ್ತದೆ. ಅದೂ ತಪ್ಪು! ವರದಿ ಮಾಡಿದ ಪ್ರಶ್ನೆಯಲ್ಲಿ ಪದಗಳು ಮತ್ತೆ ಹೇಳಿಕೆಯ ಕ್ರಮಕ್ಕೆ ಮರಳಬೇಕು. ಕನ್ನಡದಲ್ಲಾದರೋ ‘ಎಲ್ಲಿಗೆ ಹೋಗುತ್ತಿದ್ದೀ’ ಎಂಬ ಪ್ರಶ್ನೆಯ ಹಿಂದೆ ‘ಎಂದು ಕೇಳಿದ’ ಎಂದು ಸೇರಿಸಿದರೆ ವರದಿ ಸಿದ್ಧ; ಒಳಗಿನ ವಾಕ್ಯದ ಮೈ ಮುಟ್ಟಬೇಕಿಲ್ಲ. ‘ಡಿಡ್ ಯು ವೆಂಟ್?’ ಎಂಬುದು ಇನ್ನೊಂದು. ಭೂತಕಾಲವನ್ನು ‘ಡಿಡ್’ ಹೊತ್ತುಕೊಂಡ ಮೇಲೆ ಮುಖ್ಯ ಕ್ರಿಯಾಪದ ಅದನ್ನು ಇಳಿಸಬೇಕು. ನಿನ್ನೆಯ ಕೆಲಸಕ್ಕೆ ‘ಗೋ’ ಎಂಬ ರೂಪವೇ ಎಂದು ಮಗುವಿನ ಮನಸ್ಸು ಒಪ್ಪುವುದಿಲ್ಲ. ಈ ಮೂರೂ ತಪ್ಪುಗಳಿಗೆ ಸಾಲಾಗಿ ಬೆತ್ತದ ಏಟು ತಿಂದ ತಲೆಮಾರುಗಳೇ ನಮ್ಮಲ್ಲಿವೆ. ವ್ಯಾಕರಣ ಪುಸ್ತಕಗಳು ನಿಯಮ ಹೇಳಿದವೇ ಹೊರತು, ಈ ನಿಯಮಕ್ಕೆ ಇನ್ನೂ ನಾನೂರು ವರ್ಷ ತುಂಬಿಲ್ಲ, ಇಂಗ್ಲಿಷರ ಮುತ್ತಜ್ಜಂದಿರೂ ಇಲ್ಲಿ ತಡವರಿಸಿದ್ದರು ಎಂಬ ಸಮಾಧಾನ ಹೇಳಲಿಲ್ಲ.

ವಾಕ್ಯದ ಕೊನೆಗೆ ಅಂಟಿಸುವ ‘ಅಲ್ವಾ’ ಇನ್ನೊಂದು ಕಥೆ. ಕನ್ನಡಕ್ಕೆ ಒಂದೇ ‘ಅಲ್ವಾ’ ಎಲ್ಲಕ್ಕೂ ಸಾಕು. ಫ್ರೆಂಚರಿಗೂ ಜರ್ಮನರಿಗೂ ಅವರವರ ಒಂದು ಸಿದ್ಧ ನುಡಿಗಟ್ಟು ಸಾಕು. ಶಿಷ್ಟ ಇಂಗ್ಲಿಷ್ ಮಾತ್ರ ಪ್ರತಿ ವಾಕ್ಯಕ್ಕೂ ಹೊಸದಾಗಿ ಅಳತೆ ತೆಗೆದು ಹೊಲಿಯುತ್ತದೆ: ‘ಡಸಂಟ್ ಹಿ’, ‘ಕಾಂಟ್ ದೆ’, ‘ವೋಂಟ್ ಯು’. ಭಾರತೀಯರು ಎಲ್ಲದಕ್ಕೂ ‘ಇಸಂಟ್ ಇಟ್’ ಎಂದು ಒಂದೇ ಅಂಗಿ ತೊಡಿಸುವುದನ್ನು ಗೇಲಿ ಮಾಡುವವರಿದ್ದಾರೆ. ವೇಲ್ಸ್‌ನ ಇಂಗ್ಲಿಷಿನಲ್ಲೂ ಇದೇ ರೂಢಿ ಉಂಟೆಂಬುದು ಗೇಲಿ ಮಾಡುವವರಿಗೆ ತಿಳಿದಂತಿಲ್ಲ.

ನಗೆಯ ಮಾತಲ್ಲದ ಒಂದು ಸಂಗತಿಯೂ ಇದೆ. ‘ನೀವು ಆ ದಿನ ಹೊಲಕ್ಕೆ ಹೋಗಿರಲಿಲ್ಲವೇ’ ಎಂದು ಕೇಳಿದರೆ, ಹೋಗದಿದ್ದ ಕನ್ನಡಿಗ ‘ಹೌದು’ ಎಂದು ಉತ್ತರಿಸುವುದುಂಟು. ಕೇಳಿದವನ ಮಾತು ಸರಿ, ಹೋಗಿರಲಿಲ್ಲ ಎಂದು ಅದರ ಅರ್ಥ. ಇಂಗ್ಲಿಷಿನಲ್ಲಿ ‘ಯೆಸ್’ ಎಂದರೆ ಹೋಗಿದ್ದೆ ಎಂದಾಗುತ್ತದೆ. ಕಟಕಟೆಯಲ್ಲಿ ನಿಂತ ಸಾಕ್ಷಿಯ ಕನ್ನಡದ ‘ಹೌದು’ ಇಂಗ್ಲಿಷಿನ ಕಡತಕ್ಕೆ ಬರೀ ‘ಯೆಸ್’ ಆಗಿ ಇಳಿದರೆ ಸಾಕ್ಷ್ಯವೇ ತಲೆಕೆಳಗು. ಬಯಸಿದ ಉತ್ತರವನ್ನು ತಾನೇ ಸೂಚಿಸುವ ಪ್ರಶ್ನೆಗಳ ಮೇಲೆ 1872ರ ಸಾಕ್ಷ್ಯ ಅಧಿನಿಯಮ ನಿರ್ಬಂಧ ಹೇರಿತ್ತು. 2024ರ ಜುಲೈಯಲ್ಲಿ ಅದರ ಜಾಗಕ್ಕೆ ಬಂದ ಹೊಸ ಕಾನೂನಿನಲ್ಲೂ ಆ ನಿರ್ಬಂಧ ಉಳಿದಿದೆ. ಲ್ಯಾಟಿನ್ನಿನ ‘ನಾನ್ನೆ’ ಮತ್ತು ‘ನುಮ್’ಗಳನ್ನು ಮುಖ್ಯ ವಿಚಾರಣೆಯಲ್ಲಿ ಬಳಸಬೇಡಿ ಎಂದಂತೆ. ಆದರೆ ‘ಹೌದು’ ಎಂಬುದು ಯಾವ ದಿಕ್ಕಿನ ಹೌದು ಎಂಬುದನ್ನು ಸರಿಯಾಗಿ ಬರೆದುಕೊಳ್ಳುವ ಹೊಣೆ ಭಾಷಾಂತರ ಮಾಡುವವನ ಮೇಲೆಯೇ ಉಳಿಯುತ್ತದೆ.

ಅಮೆರಿಕದ ಲೇಖಕಿ ಗರ್ಟ್ರೂಡ್ ಸ್ಟೈನ್ 1935ರಲ್ಲಿ ಪ್ರಕಟವಾದ ತಮ್ಮ ಉಪನ್ಯಾಸವೊಂದರಲ್ಲಿ ಕೊಕ್ಕೆಯ ಮೇಲೆ ಹರಿಹಾಯ್ದಿದ್ದರು. ಓದಲು ಬರುವವನಿಗೆ ಪ್ರಶ್ನೆ ಯಾವುದೆಂದು ಗೊತ್ತಾಗುತ್ತದೆ, ಗುರುತು ಯಾಕೆ ಎಂಬುದು ಅವರ ವಾದ. ದನಗಳ ಮೈಮೇಲೆ ಬರೆ ಹಾಕಲು ಬೇಕಾದರೆ ಆ ಆಕಾರ ಇರಲಿ ಎಂದೂ ಸೇರಿಸಿದರು. ‘ಊಟ ಆಯ್ತಾ’ ಎಂದು ಮೊಬೈಲಿನಲ್ಲಿ ಕೊಕ್ಕೆಯಿಲ್ಲದೆ ಕಳಿಸುವ ಕನ್ನಡಿಗರು ಸ್ಟೈನರ ಹೆಸರು ಕೇಳದೆಯೇ ಅವರ ಶಿಷ್ಯರು. ‘ಯು ಆರ್ ಕಮಿಂಗ್’ ಎಂದು ಕೊಕ್ಕೆ ಮರೆತು ಕಳಿಸಿದರೆ ಮಾತ್ರ ಕರೆ ಹೋಗಿ ಅಪ್ಪಣೆಯಾಗುತ್ತದೆ.

ಕನ್ನಡದಲ್ಲೂ ಒಂದು ಇಕ್ಕಟ್ಟಿನ ಜಾಗ ಇಲ್ಲದಿಲ್ಲ. ಗ್ರಾಂಥಿಕ ಕನ್ನಡದ ‘ಏ’ಗೆ ಎರಡು ಕೆಲಸ. ‘ಅವನೇ ಕೊಂದವನು’ ಎಂದರೆ ಬೇರೆ ಯಾರೂ ಅಲ್ಲ ಎಂಬ ಖಚಿತ ಆರೋಪ, ‘ಅವನೇ ಕೊಂದವನು?’ ಎಂದರೆ ನಂಬಲಾಗದ ಸಂಶಯ. ಅಕ್ಷರ ಒಂದೇ, ದನಿ ಎರಡು. ಪೌಲನ ಮಾತನ್ನು ಪದಕ್ಕೆ ಪದವಾಗಿ ಕನ್ನಡಕ್ಕೆ ತಂದು ‘ದೇವರೇ’ ಎಂದಷ್ಟೇ ಬರೆದರೆ ಅಗಸ್ಟೀನನ ತೊಡಕು ಹಾಗೆಯೇ ಇಲ್ಲಿಗೂ ಬರುತ್ತದೆ. ನಮ್ಮ ಶಾಸನಗಳಲ್ಲಿ, ತಾಳೆಗರಿಗಳಲ್ಲಿ ನಿಲುಗಡೆ ತೋರಿಸಲು ದಂಡವಿತ್ತು. ಪ್ರಶ್ನೆಗೆಂದೇ ಒಂದು ಗುರುತು ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಅಚ್ಚುಮೊಳೆಗಳೊಂದಿಗೆ ಕೊಕ್ಕೆ ಕನ್ನಡಕ್ಕೆ ಬಂತು. ಹಾಗಾಗಿ ಪಂಪ, ರನ್ನರ ಕಾವ್ಯಗಳ ಅಚ್ಚಾದ ಪ್ರತಿಗಳಲ್ಲಿ, ವಚನಗಳ ಸಂಪುಟಗಳಲ್ಲಿ ಕಾಣುವ ಪ್ರತಿಯೊಂದು ಪ್ರಶ್ನಾರ್ಥಕ ಚಿಹ್ನೆಯೂ ಕವಿ ಹಾಕಿದ್ದಲ್ಲ. ಓಲೆಯನ್ನು ಬೆಳಕಿಗೆ ಹಿಡಿದು, ಈ ‘ಏ’ಯಲ್ಲಿ ದನಿ ಏರಿತ್ತೋ ಇಳಿದಿತ್ತೋ ಎಂದು ಯೋಚಿಸಿ, ಸಂಪಾದಕನೊಬ್ಬ ಹಾಕಿದ್ದು.